ಹೋದವರ ಖಾನೆ

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ನಡು ಆಷಾಢದಲ್ಲಿ ಕಪ್ಪತಗುಡ್ಡದ ಬುಡಕ್ಕೆ ಗಾಳಿ ಇಲ್ಲವೆಂದರೆ ಆ ಸೀಮೆಯವರು ಯಾರೂ ನಂಬುವುದಿಲ್ಲ. ಆ ತಿಂಗಳು ಅಲ್ಲಿ ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿ ಹಚ್ಚಿ ಮಾತಾಡಬೇಕು. ಒಣಹಾಕಿದ ಸೀರೆಯನ್ನು ಮೂರು ಮನೆ ಆಚೆ ಹೋಗಿ ಹುಡುಕಬೇಕು. ಅಂಥದ್ದರಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ನಿಂತಲ್ಲೇ ನಿಂತಿದ್ದವು. ಮೋಡ ಕೆಳಗಿಳಿದಿತ್ತು, ಹನಿ ಬೀಳುತ್ತಿರಲಿಲ್ಲ. ದೂರದ ಹಟ್ಟಿಯಲ್ಲಿ ನಾಯಿ ಬೊಗಳಿದ್ದು ಪಕ್ಕದ ಓಣಿಯಲ್ಲಿ ಬೊಗಳಿದಂತೆ ಕೇಳುತ್ತಿತ್ತು. ಇಂಥ ದಿನ ಶಿವ ಉಸಿರು ಹಿಡಿದು ಕೂತಿರುತ್ತಾನೆ, ನಾವೂ ಮಾತು ಹಿಡಿದು ಆಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಆ ದಿನ ಐದು ಜನ ಕಲಿತರು. ಅವರ ಕಥೆ ಇದು.

ಗುಡ್ಡದ ಕೆಳಗೆ ಒಂದು ಆಸ್ಪತ್ರೆ. ಜನ ಅದನ್ನು ಕಂಠಾಲಯ ಎಂದು ಕರೆಯುತ್ತಾರೆ. ತಂಬಾಕು ತಿಂದು ಗಂಟಲು ಕಳೆದುಕೊಂಡವರು, ಏನೂ ತಿನ್ನದೆಯೂ ಕಳೆದುಕೊಂಡವರು ಸುತ್ತಲ ನಾಲ್ಕು ಜಿಲ್ಲೆಗಳಿಂದ ಅಲ್ಲಿಗೆ ಬರುತ್ತಾರೆ. ವೈದ್ಯರು ಹುಣ್ಣು ಹಿಡಿದ ಧ್ವನಿಪೆಟ್ಟಿಗೆ ತೆಗೆದು ಜೀವ ಉಳಿಸುತ್ತಾರೆ, ಗಾಯ ಮಾಗಿದ ಮೇಲೆ ಕಂಠಮಣಿ ಕಟ್ಟುತ್ತಾರೆ. ಹುಣಸೆ ಬೀಜದಷ್ಟು ದೊಡ್ಡದು ಆ ಮಣಿ. ಗಂಟಲಿನ ಸ್ನಾಯು ಏನು ಹೇಳಲು ಹೊರಟಿದೆ ಎಂಬುದನ್ನು ಅದು ಗುರುತಿಸಿ ಆಸ್ಪತ್ರೆಗೆ ಕಳಿಸುತ್ತದೆ. ಆಸ್ಪತ್ರೆಯ ಉಗ್ರಾಣದಲ್ಲಿ ಪ್ರತಿಯೊಬ್ಬರಿಗೂ ಒಂದು ಖಾನೆ. ಆ ಖಾನೆಯಲ್ಲಿ ಅವರ ಹಳೆಯ ಧ್ವನಿಯ ಸಾವಿರಾರು ಕಾಳು, ಒಂದೊಂದೂ ಒಂದು ಸದ್ದಿನ ತುಣುಕು. ಬೇಕಾದ ಕಾಳನ್ನು ಆರಿಸಿ ಉಗ್ರಾಣ ಹಿಂದಕ್ಕೆ ಕಳಿಸುತ್ತದೆ, ಮಣಿ ನುಡಿಯುತ್ತದೆ. ಇದಿಷ್ಟೂ ರೆಪ್ಪೆ ಬಡಿಯುವುದರೊಳಗೆ ಆಗಬೇಕು. ತಡವಾದರೆ ತುಟಿ ಒಂದು ಕಡೆ, ಧ್ವನಿ ಇನ್ನೊಂದು ಕಡೆ ಆಗಿ ಎದುರಿಗಿದ್ದವರಿಗೆ ಹೆದರಿಕೆಯಾಗುತ್ತದೆ. ಅಂಥ ಮಣಿ ಕಟ್ಟಿಸಿಕೊಂಡವರು ಮುನ್ನೂರ ಹದಿನಾರು ಜನ.

ಮೊದಲು ಈ ಧ್ವನಿಗಳೆಲ್ಲ ಹನ್ನೊಂದು ಪೆಟ್ಟಿಗೆಗಳಲ್ಲಿ ಚದುರಿಕೊಂಡಿದ್ದವು. ಒಂದು ಪೆಟ್ಟಿಗೆ ಎಕ್ಸ್‌ರೇ ಕೋಣೆಯಲ್ಲಿ, ಒಂದು ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ. ಒಂದು ತುಂಬಿ ತುಳುಕುತ್ತಿದ್ದರೆ ಮಗ್ಗುಲಿನದು ಅರ್ಧ ಖಾಲಿ. ಒಂದು ಕೆಟ್ಟರೆ ಮೂವತ್ತು ಜನ ಒಮ್ಮೆಗೇ ಮೂಕರು. ಇದನ್ನು ಸರಿ ಮಾಡಲು ಆಸ್ಪತ್ರೆ ನೀಲಗಂಗಾಳನ್ನು ನೇಮಿಸಿತ್ತು. ನಲವತ್ತು ದಾಟಿದ ಹೆಂಗಸು, ಹತ್ತಿರದ ಡೋಣಿ ಊರಿನವಳು, ಸರ್ವರ್ ಮತ್ತು ಡಿಸ್ಕುಗಳ ನಡುವೆಯೇ ಇಪ್ಪತ್ತು ವರ್ಷ ಕಳೆದವಳು. ಆಕೆ ಆರು ತಿಂಗಳು ಕೂತು ಲೆಕ್ಕ ಹಾಕಿದಳು: ಈಗ ಎಷ್ಟು ಧ್ವನಿ, ವರ್ಷಕ್ಕೆ ಎಷ್ಟು ಹೊಸಬರು, ಯಾವ ಹೊತ್ತಿನಲ್ಲಿ ಜನ ಹೆಚ್ಚು ಮಾತಾಡುತ್ತಾರೆ. ಎಲ್ಲ ಡಿಸ್ಕುಗಳನ್ನೂ ಒಂದೇ ತಂಪು ಕೋಣೆಗೆ ತಂದು, ಅವುಗಳಿಗೂ ಸರ್ವರುಗಳಿಗೂ ನಡುವೆ ಬೇರೆಯದೇ ಒಂದು ಜಾಲ ಕಟ್ಟಬೇಕು ಎಂದಳು. ಟ್ರಸ್ಟಿನ ಹಿರಿಯರಿಗೆ ತಿಳಿಯಲಿಲ್ಲ. ಆಗ ಆಕೆ ಹೇಳಿದ್ದು ಹೀಗೆ:

"ಮೊದಲ ಮನಿಗೊಂದು ಹಗೇವು ಇತ್ತಲ್ರಿ, ನೆಲದಾಗ ಜ್ವಾಳ ತುಂಬೂದು. ಈಗ ಊರಿಗೆಲ್ಲ ಕೂಡಿ ಒಂದ ದೊಡ್ಡ ಹಗೇವು ತೋಡೂಣು. ಅದಕ್ಕ ಜ್ವಾಳದ ಬಂಡಿ ಅಷ್ಟ ಓಡಾಡೂ ಹಾದಿ. ಒಂದಲ್ಲ, ಎರಡು ಹಾದಿ. ಒಂದ ಕಟ್ಟಾದರ ಇನ್ನೊಂದು. ಬಾಗಲದಾಗ ಒಬ್ಬ ಕಾವಲುಗಾರ, ಯಾರ ಚೀಲ ಯಾವ ಮೂಲ್ಯಾಗ ಐತಿ ಅಂತ ಅವಗ ಗೊತ್ತು. ಒಬ್ಬರದು ಇನ್ನೊಬ್ಬರ ಕೈಗೆ ಹೋಗಂಗಿಲ್ಲ."

"ಕಾವಲುಗಾರಗ ಪಟ್ಟಿ ಕೊಡವರು ಯಾರು?" ಎಂದು ಒಬ್ಬ ಹಿರಿಯರು ಕೇಳಿದ್ದರು.

"ಫಕ್ಕೀರಪ್ಪ ಮಾಸ್ತರು ಅದಾರಲ್ರಿ," ಎಂದಿದ್ದಳು ನೀಲಗಂಗಾ.

ಫಕ್ಕೀರಪ್ಪ ಮಾಸ್ತರು ಶಾಲೆಯಿಂದ ನಿವೃತ್ತರಾದ ಮೇಲೆ ಆಸ್ಪತ್ರೆಯ ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದರು. ಮಣಿ ಕಟ್ಟಿದವರೆಲ್ಲರ ಪಟ್ಟಿ ಕೊಡಿ ಎಂದು ನೀಲಗಂಗಾ ಕೇಳಿದಳು. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟರು. ಯಾವ ಧ್ವನಿ ಯಾವ ಪೆಟ್ಟಿಗೆಯ ಯಾವ ಖಾನೆಯಲ್ಲಿದೆ ಎಂಬುದೆಲ್ಲ ಅದರಲ್ಲಿತ್ತು. ಪಟ್ಟಿಯಲ್ಲಿ ಇಲ್ಲದ ಖಾನೆ ಖಾಲಿ ಎಂದು ಆಕೆ ಗುರುತು ಹಾಕಿದಳು. ಆ ಖಾನೆಗಳನ್ನು ಅಳಿಸಿ ತರಲು ಇನ್ನೆರಡು ದಿನ ಬೇಕಿತ್ತು, ಆದ್ದರಿಂದ ಡಿಸ್ಕುಗಳನ್ನು ಇದ್ದ ಹಾಗೆಯೇ ಹೊಸ ಉಗ್ರಾಣಕ್ಕೆ ಸೇರಿಸಿದಳು. ಬೇಕೆಂದೇ ಒಂದು ಕೇಬಲ್ ಕಿತ್ತು ನೋಡಿದಳು. ಆಗ ಮಾತಾಡುತ್ತಿದ್ದವರ ಒಂದು ಅಕ್ಷರವೂ ತಡವರಿಸಲಿಲ್ಲ. ಮೂರು ದಿನದ ಹಿಂದೆ, ಸೋಮವಾರ, ದೀಪ ಹಚ್ಚಿ ಕಾಯಿ ಒಡೆದು ಹೊಸ ಜಾಲಕ್ಕೆ ಎಲ್ಲರನ್ನೂ ದಾಟಿಸಿದ್ದರು. ಆ ದಿನ ಹೊಸದಾಗಿ ಮಣಿ ಕಟ್ಟಿಸಿಕೊಂಡವನು ಒಬ್ಬನೇ, ಕುರಿ ಕಾಯುವ ಹಾಲಪ್ಪ. ಖಾಲಿ ಎಂದು ಗುರುತು ಹಾಕಿದ್ದ ಒಂದು ಖಾನೆ ಅವನದಾಯಿತು.

*

ಗಾಳಿ ಇಲ್ಲದ ಆ ಗುರುವಾರ ಬೆಳಿಗ್ಗೆ ಹಾಲಪ್ಪ ಮೊದಲ ತಪಾಸಣೆಗೆ ಬಂದಿದ್ದ. ವೈದ್ಯರು ನೋಡಿ ಗಾಯ ಚೆನ್ನಾಗಿದೆ ಎಂದರು. ಹೊರಡುವ ಮೊದಲು ಅವನು ಪ್ರಸಾದದ ಮನೆಗೆ ಹೋಗಿ ಪಂಕ್ತಿಯಲ್ಲಿ ಕೂತ.

ಪ್ರಸಾದದ ಮನೆಯಲ್ಲಿ ರೊಟ್ಟಿ ಬಡಿಯುವವಳು ಹೊನ್ನವ್ವ. ಅವಳ ಗಂಡ ದ್ಯಾಮಣ್ಣ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನಲ್ಲಿ ಬಸ್ಸು ಕೂಗಿದವನು. ಅವನಿಗೂ ಗಂಟಲು ಹೋಗಿ ಮಣಿ ಬಂದು, ಎರಡು ವರ್ಷ ಅದರಲ್ಲಿ ಮಾತಾಡಿ, ಹೋದ ಶ್ರಾವಣದ ಮೊದಲ ವಾರ ತೀರಿಹೋಗಿದ್ದ. ಗಂಡ ಹೋದ ಮೇಲೆ ಹೊನ್ನವ್ವ ಅದೇ ಆಸ್ಪತ್ರೆಯಲ್ಲಿ ಒಲೆಯ ಮುಂದೆ ಕೂತಿದ್ದಳು.

ಹೊನ್ನವ್ವ ಬಾಗಿಲಿಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದಳು. ಹಿಂದಿನಿಂದ ಕೇಳಿಸಿತು:

"ಇನ್ನೊಂದು ರೊಟ್ಟಿ ಹಾಕಬೇ ಯವ್ವಾ. ಅಂಚು ಕರಕಾಗಿದ್ದರೂ ನಡಿತೈತಿ."

ಹೊನ್ನವ್ವನ ಕೈ ನಿಂತಿತು. ಅವಳು ತಿರುಗಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಹೊಗೆಯಾಡತೊಡಗಿತು, ಅದನ್ನೂ ತಿರುಗಿಸಲಿಲ್ಲ. ಬಡಿಸುತ್ತಿದ್ದ ಕಾಂಪೌಂಡರ್ ಮಾತ್ರ ನಗುತ್ತ, "ಯಾರಪಾ ಅದು, ದ್ಯಾಮಣ್ಣ ಎದ್ದು ಬಂದಂಗಾತು. ಮುಂಡರಗಿ ಬಸ್ಸು ಯಾವ ಪ್ಲಾಟ್‌ಫಾರ್ಮಿಗೈತಿ ಹೇಳಪಾ," ಎಂದ. ಆಮೇಲೆ ಒಲೆಯ ಮುಂದೆ ಇರುವವಳು ಯಾರೆಂದು ನೆನಪಾಗಿ ಸೌಟು ಹಿಡಿದು ಮುಂದಿನ ಸಾಲಿಗೆ ಹೋದ.

ಹೊನ್ನವ್ವ ಕೊನೆಗೆ ತಿರುಗಿ ನೋಡಿದಾಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕನೊಬ್ಬ ಕೈ ತೊಳೆಯಲು ಎದ್ದು ಹೋಗುತ್ತಿದ್ದ.

ಅವಳು ಹಿಟ್ಟಿನ ಕೈಯಲ್ಲೇ ನಿಯಂತ್ರಣ ಕೋಣೆಗೆ ಬಂದಳು. ಒಳಗೆ ನೀಲಗಂಗಾ ಪರದೆಗಳ ಮುಂದೆ ಕೂತಿದ್ದಳು. ಫಕ್ಕೀರಪ್ಪ ಮಾಸ್ತರು ಯಾವುದೋ ಕಾಗದಕ್ಕೆ ಸಹಿ ಕೇಳಲು ಬಂದಿದ್ದರು. ಹೊನ್ನವ್ವ ಹೊಸ್ತಿಲ ಆಚೆಯೇ ನಿಂತಳು.

"ಅಕ್ಕಾರ, ನಮ್ಮ ಮನ್ಯಾವರ ಧ್ವನಿ ಯಾರಿಗ ಕೊಟ್ಟೀರಿ?"

"ಯಾರಿಗೂ ಕೊಟ್ಟಿಲ್ಲ ಹೊನ್ನಕ್ಕ. ಹಂಗ ಕೊಡಾಕ ಬರಂಗಿಲ್ಲ."

"ಕಂಬಳಿ ಹೊತ್ತಾಂವ ಒಬ್ಬಾಂವ ಈಗ ನನ್ನ ಹಂತ್ಯಾಕ ರೊಟ್ಟಿ ಕೇಳಿದ. ಕೇಳಿದ್ದು ಅವನು, ಧ್ವನಿ ಇವರದು. ನಲವತ್ತು ವರ್ಷ ಕೇಳೀನಿ ಅಕ್ಕಾರ, ತಪ್ಪಂಗಿಲ್ಲ."

ನೀಲಗಂಗಾ ಹಾಲಪ್ಪನ ಖಾನೆಯನ್ನು ತೆರೆದಳು. ಅವನ ಸ್ವಂತ ಧ್ವನಿ ಅದರಲ್ಲಿ ಒಂದು ಮುಷ್ಟಿಯಷ್ಟೇ ಇತ್ತು. ಕುರಿ ಕಾಯುವವನ ಧ್ವನಿಯನ್ನು ಯಾರು ಹಿಡಿದಿಟ್ಟಿರುತ್ತಾರೆ? ಅಳಿಯನ ಮೊಬೈಲಿನಲ್ಲಿ ಸಿಕ್ಕ ಹನ್ನೊಂದು ನಿಮಿಷ, ಅಷ್ಟೇ. ಉಳಿದ ಜಾಗ ಖಾಲಿ ಇರಬೇಕಿತ್ತು. ಅದು ಅಂಚಿನವರೆಗೆ ತುಂಬಿತ್ತು.

"ಮಾಸ್ತರ, ದ್ಯಾಮಣ್ಣಾರ ಧ್ವನಿ ಯಾವ ಖಾನ್ಯಾಗಿತ್ತು? ನಿಮ್ಮ ಪಟ್ಟ್ಯಾಗ ಅವರ ಹೆಸರಿಲ್ಲ."

ಮಾಸ್ತರು ಮೆಲ್ಲಗೆ ಹೇಳಿದರು: "ಆ ಪಟ್ಟ್ಯಾಗ ಹ್ಯಾಂಗ ಇರತೈತಿ ತಂಗಿ? ಹೋದವರನ್ನ ಇದ್ದವರ ಕೂಡ ಒಂದ ಹಾಳಿ ಮ್ಯಾಲ ಬರೀತಾರೇನು? ಅವರ ವಹಿ ಬ್ಯಾರೆ ಐತಲ್ಲ. ದೇವರ ಮಾಡದಾಗ, ವಿಭೂತಿ ಗಟ್ಟಿ ಕೆಳಗ."

ನೀಲಗಂಗಾ ಕಣ್ಣು ಮುಚ್ಚಿದಳು. ಆಕೆಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವಳ ಮನೆಯಲ್ಲೂ ಮದುವೆಯ ಯಾದಿ ಬರೆದ ಹಾಳೆಯ ಮೇಲೆ ತಿಥಿಯ ಯಾದಿ ಬರೆಯುವುದಿಲ್ಲ. ದಿನಾ ಬೆಳಿಗ್ಗೆ ಆಸ್ಪತ್ರೆಯ ದೇವರ ಮಾಡದ ಮುಂದೆ ವಿಭೂತಿ ಹಚ್ಚಿಕೊಳ್ಳುವಾಗ ಆ ವಹಿಯ ಕೆಂಪು ರಟ್ಟು ಕಾಣುತ್ತಿತ್ತು. ಪರವೂರಿನ ಎಂಜಿನಿಯರ್ ಆಗಿದ್ದರೆ ಅದೇನು ಪುಸ್ತಕ ಎಂದು ಕೇಳುತ್ತಿದ್ದ. ಈ ಊರಿನವಳಾದ್ದರಿಂದ ಆಕೆ ಕೇಳಲಿಲ್ಲ.

ಕಂಠಾಲಯದಲ್ಲಿ ಒಂದು ಪದ್ಧತಿ ಇತ್ತು. ಮಣಿ ಕಟ್ಟಿದವರು ತೀರಿಕೊಂಡರೆ ಅವರ ಧ್ವನಿಯನ್ನು ಒಂದು ವರ್ಷ ಇಡುವುದು. ವರ್ಷದ ತಿಥಿಯ ದಿನ ಮನೆಯವರು ಬಂದು, ದೀಪ ಹಚ್ಚಿ, ತಮಗೆ ಬೇಕಾದ ಒಂದೇ ಒಂದು ಮಾತನ್ನು ಆ ಧ್ವನಿಯಲ್ಲಿ ಕೇಳುವುದು. ಆಮೇಲೆ ಅಳಿಸಿಬಿಡುವುದು. ಹೋದವರ ಧ್ವನಿಗೆ ನಕಲು ಮಾಡುವಂತಿಲ್ಲ. ಆತ್ಮಕ್ಕೆ ನೆರಳು ಒಂದೇ ಸಾಕು ಎಂದು ಹಿಂದಿನ ಹಿರಿಯರು ಗೆರೆ ಎಳೆದಿದ್ದರು. ಇದ್ದವರ ಧ್ವನಿಗೆ ಮೂರು ಪ್ರತಿ, ದ್ಯಾಮಣ್ಣನದಕ್ಕೆ ಒಂದೂ ಇಲ್ಲ. ಅವನ ವರ್ಷಕ್ಕೆ ಇನ್ನು ಇಪ್ಪತ್ಮೂರು ದಿನ ಉಳಿದಿತ್ತು.

"ಆ ಖಾನ್ಯಾಗ ಇನ್ನ ಎಷ್ಟ ಉಳದೈತಿ?" ಹೊನ್ನವ್ವ ಕೇಳಿದಳು.

ನೀಲಗಂಗಾ ಮೊದಲು ಉಗ್ರಾಣದ ಆ ಮೂಲೆಗೆ ಬೀಗ ಹಾಕಿದಳು. ಕೆಂಪು ವಹಿಯಲ್ಲಿದ್ದ ಉಳಿದ ಆರು ಜನರ ಖಾನೆಗಳನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ದ್ಯಾಮಣ್ಣನ ಕಾಳುಗಳನ್ನು ಎಣಿಸಿ ಉಳಿದ ಇಬ್ಬರಿಗೂ ಬಿಡಿಸಿ ಹೇಳಿದಳು. ಮಣಿ ಕಟ್ಟಿದವನು ಮಾತಾಡಿದಂತೆಲ್ಲ ಉಗ್ರಾಣ ಆ ಕಾಳನ್ನು ಅವನ ಬಾಯಿಗೆ ಹೊಂದುವಂತೆ ತಿದ್ದಿ ಅದೇ ಜಾಗದಲ್ಲಿ ಬರೆಯುತ್ತದೆ. ಹಾಲಪ್ಪ ಮೂರು ದಿನ ಆಡಿದ ಮಾತಿನಷ್ಟೂ ದ್ಯಾಮಣ್ಣನ ಧ್ವನಿ ಇಲ್ಲಿ ಅಳಿದಿತ್ತು. ಆದರೆ ತಿದ್ದುವ ಮೊದಲಿನ ಕಾಳು ಹಾಲಪ್ಪನ ಕೊರಳ ಮಣಿಯಲ್ಲಿ ಇನ್ನೂ ಇದೆ. ಮಣಿಗೂ ಒಂದು ಸಣ್ಣ ನೆನಪಿನ ಚೀಲ ಇರುತ್ತದೆ. ಆ ಚೀಲ ಈಗ ಬಾಯಿಮಟ್ಟ ತುಂಬಿದೆ. ಇನ್ನು ಮೇಲೆ ಅವನು ಒಂದು ಮಾತು ಆಡಿದರೆ ಒಂದು ಹಳೆಯ ಕಾಳು ಹೊರಗೆ ಬೀಳುತ್ತದೆ. ಬಿದ್ದದ್ದು ಎಲ್ಲಿಯೂ ಸಿಗುವುದಿಲ್ಲ.

"ಮೊದಲ ಬೀಳೂದು ಯಾವುದು?" ಎಂದರು ಮಾಸ್ತರು.

ನೀಲಗಂಗಾ ಪರದೆಯನ್ನು ನೋಡಿದಳು. ಸೋಮವಾರ ಮಣಿ ಕಟ್ಟಿದ ಕೂಡಲೇ ಹಾಲಪ್ಪ ಮಾಡಿದ ಮೊದಲ ಸದ್ದು ಕುರಿ ಕರೆಯುವ 'ಹೋ' ಆಗಿತ್ತು. "ಹಕಾರ," ಎಂದಳು. ಹೊನ್ನವ್ವನ ಮುಖ ನೋಡಲು ಅವಳಿಗೆ ಆಗಲಿಲ್ಲ. ಹೆಂಡತಿಯ ಹೆಸರು ಹಿಡಿದು ಕರೆಯಲು ದ್ಯಾಮಣ್ಣನಿಗೆ ಮೊದಲು ಬೇಕಾಗುವುದೇ ಅದು.

ಇಷ್ಟೆಲ್ಲ ಎಣಿಸಿ ಮುಗಿಯುವಷ್ಟರಲ್ಲಿ ಹಾಲಪ್ಪ ಆಸ್ಪತ್ರೆಯಿಂದ ಹೊರಟು ಒಂದು ತಾಸಾಗಿತ್ತು.

"ಫೋನ್ ಹಚ್ಚಿ ಸುಮ್ಮನಿರು ಅಂತ ಹೇಳ್ರಿ," ಎಂದಳು ಹೊನ್ನವ್ವ.

"ಫೋನ್ ಹಚ್ಚಿದರ ಎತ್ತಿ ಹಲೋ ಅಂತಾನವ್ವ," ಎಂದರು ಮಾಸ್ತರು. "ಹದಿನಾಲ್ಕು ತಿಂಗಳಾ ಬಾಯಿ ಕಟ್ಟಿದಾಂವ. ಯಾರು, ಎಲ್ಲಿಂದ, ಮಳಿ ಹ್ಯಾಂಗೈತಿ, ಎಲ್ಲಾ ಕೇಳೇ ಇಡತಾನ."

ಮಣಿಯನ್ನು ದೂರದಿಂದಲೇ ಆರಿಸಬಹುದಿತ್ತು. ಆದರೆ ಆರುವಾಗ ಅದು ತನ್ನ ಚೀಲವನ್ನು ತೊಳೆದುಕೊಂಡೇ ಆರುತ್ತದೆ. ಕಳ್ಳರ ಕೈಗೆ ಯಾರ ಧ್ವನಿಯೂ ಸಿಗಬಾರದು ಎಂದು ಹಾಗೆ ಮಾಡಿಸಿದವಳು ನೀಲಗಂಗಾಳೇ. ಬೇರೆ ದಾರಿ ಇರಲಿಲ್ಲ. ಮೂವರೂ ಆಸ್ಪತ್ರೆಯ ಜೀಪು ಹತ್ತಿದರು.

*

ಹಾಲಪ್ಪನ ಹಟ್ಟಿಗೆ ಹೋಗುವ ದಾರಿ ಕಲ್ಲು ಮುಳ್ಳಿನದು. ದಾರಿಯುದ್ದಕ್ಕೂ ನೀಲಗಂಗಾ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಬಸ್ಸಿನಲ್ಲಿ ಟಿಕೆಟ್ ಕೇಳಿರುತ್ತಾನೆ, ಐದು ಮಾತು. ದಾರಿಯಲ್ಲಿ ಯಾರಾದರೂ ಸಿಕ್ಕಿದ್ದರೆ ಐವತ್ತು. ಮಾಸ್ತರು ತುಟಿ ಅಲುಗಿಸುತ್ತ ಪಂಚಾಕ್ಷರಿ ಜಪಿಸುತ್ತಿದ್ದರು. ಹೊನ್ನವ್ವ ಕೈಯ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹಿಟ್ಟು ಹೋದ ಮೇಲೂ ಕೆರೆಯುತ್ತಿದ್ದಳು.

"ಇಪ್ಪತ್ಮೂರು ದಿನಾ ಬಿಟ್ಟು ಏನ ಕೇಳಬೇಕಂತ ಮಾಡಿದ್ದಿ ಹೊನ್ನವ್ವಾ?" ಎಂದರು ಮಾಸ್ತರು, ಅವಳನ್ನು ಮಾತಿಗೆಳೆಯಲು.

"ಅದನ್ನ ಹೇಳಂಗಿಲ್ರಿ ಮಾಸ್ತರ. ವರ್ಷದಾಗ ಹತ್ತ ಸಲ ಬದಲ ಮಾಡೀನಿ. ಜಗಳಾ ತಗದು ಕೇಳೂದೊಂದಿತ್ತು, ಅದನ್ನ ಬಿಟ್ಟೆ."

ತಿರುವಿನಲ್ಲಿ ಜೀಪು ನಿಂತಿತು. ಮುಂದೆ ಕಾಲುದಾರಿ. ಗಾಳಿ ಇಲ್ಲದ್ದರಿಂದ ಗುಡ್ಡದ ಇಳಿಜಾರಿನಿಂದ ಧ್ವನಿ ನೇರವಾಗಿ ಇಳಿದು ಬಂತು. "ಹೋ... ಹೋಯ್... ಬರ್ರಿ, ಬರ್ರಿ ನನ್ನವ್ವ..." ಬಸ್ ನಿಲ್ದಾಣದ ಮೈಕಿನಿಂದ ಬಂದಂಥದ್ದೇ ಧ್ವನಿ. ಕುರಿಗಳು ತಲೆ ಎತ್ತಿ ನೋಡಿದವು, ಬರಲಿಲ್ಲ. ಅವಕ್ಕೆ ಈ ಧ್ವನಿಯ ಪರಿಚಯವಿರಲಿಲ್ಲ. ಬರದಿದ್ದಕ್ಕೆ ಹಾಲಪ್ಪ ಇನ್ನೂ ಜೋರಾಗಿ ಕರೆಯುತ್ತಿದ್ದ. ಒಂದೊಂದು ಕೂಗಿಗೂ ನೀಲಗಂಗಾಳ ಎದೆಯಲ್ಲಿ ಒಂದೊಂದು ಕಾಳು ಜಾರಿ ಬಿದ್ದಂತಾಗುತ್ತಿತ್ತು.

ಹೊನ್ನವ್ವ ಓಡಿದಳು. ಅರವತ್ತರ ಹೆಂಗಸು, ಸೀರೆ ಎತ್ತಿ ಕಟ್ಟಿ, ಕಾರೆಗಿಡಗಳ ನಡುವೆ ಹಾದು ಅವನ ಎದುರಿಗೆ ಹೋಗಿ ನಿಂತಳು. ಏದುಸಿರಿಗೆ ಮಾತು ಹೊರಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

ಹಾಲಪ್ಪ ಬಾಯಿ ತೆರೆದ. ಅವಳು ತಲೆ ಅಲ್ಲಾಡಿಸಿದಳು. ಅವನು ಬಾಯಿ ಮುಚ್ಚಿದ.

ಮಾಸ್ತರು ಬಂದು, ಕಲ್ಲಿನ ಮೇಲೆ ಕೂತು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಸದ್ದು ಕೇಳಿ ಹಟ್ಟಿಯಿಂದ ಹಾಲಪ್ಪನ ಹೆಂಡತಿ ಮಾಳವ್ವ ಬಂದಳು, ಸೊಂಟದ ಮೇಲೆ ವರ್ಷ ತುಂಬದ ಮೊಮ್ಮಗಳು. ಕೇಳುತ್ತ ಕೇಳುತ್ತ ಮಾಳವ್ವನ ಹುಬ್ಬು ಗಂಟಾಯಿತು.

"ಹಂಗಂದ್ರ ಈಗ ಕಿತಗೊಂಡು ಹೋಗಾಕ ಬಂದೀರಿ," ಎಂದಳು. "ನನಗೂ ಗೊತ್ತಾಗಿತ್ತ್ರಿ ಇದು ಇವನ ಧ್ವನಿ ಅಲ್ಲ ಅಂತ. ಇವನದು ಒಡದ ಗಡಿಗಿ. ಇದು ನೋಡಿದರ ಸರಕಾರಿ ಧ್ವನಿ. ಆದರ ಮಾತು ಇವನದ. ಹದಿನಾಲ್ಕು ತಿಂಗಳಾ ಆದ ಮ್ಯಾಲ ನನ್ನ ಹೆಸರ ಹಿಡದು ಬೈದಾನ. ಬೈಸಿಗೊಂಡು ನಾ ಅತ್ತೀನಿ. ಈ ಕೂಸು ಹುಟ್ಟಿದಾಗ ಇವಗ ಬಾಯಿ ಇರಲಿಲ್ಲ, ಮೊನ್ನೆ ಮೊದಲನೇ ಸಲ ಅದನ್ನ ಆಡಿಸಿದ. ಯಾರ ಧ್ವನಿ ಆದರೇನ್ರಿ?"

ನೀಲಗಂಗಾ ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದಳು.

"ಅಜ್ಜಾರ, ತಪ್ಪು ನಮ್ಮದು. ಮಣಿ ಬಿಚ್ಚಿ ಕೊಟ್ಟರ ಮೂರು ದಿನದಾಗ ನೀವು ಅದಕ್ಕ ಕಲಿಸಿದ್ದೆಲ್ಲ ಹೋಗತೈತಿ. ಅದರಾಗಿರೂದನ್ನ ಉಗ್ರಾಣಕ್ಕ ಸೇರಿಸಿ, ಧ್ವನಿ ಕೂಡಿತು ಅಂತ ಹೋದವರ ಮನಿ ಮಂದಿ ಕೇಳಿ ಒಪ್ಪೂತನಕ ಮಣಿ ತೊಳೀಬಾರದು ಅಂತ ನೇಮ ಐತಿ. ತೊಳೀಲಾರದ ಮಣಿ ನಿಮಗ ಕಟ್ಟಾಕ ಬರಂಗಿಲ್ಲ. ಅವರು ಕೇಳೂದು ವರ್ಷದ ದಿನ. ಇಪ್ಪತ್ಮೂರು ದಿನ ನೀವು ಸುಮ್ಮನಿರಬೇಕು. ನಿಮ್ಮ ಕೊರಳಿನ ಅಳತಿಗೆ ಇನ್ನೊಂದು ಮಣಿ ಮಾಡಾಕ ಮೂರು ತಿಂಗಳ ಬೇಕು."

"ಆಮ್ಯಾಲ ಅವನ ಸ್ವಂತ ಧ್ವನಿ ಬರತೈತೇನು?" ಎಂದಳು ಮಾಳವ್ವ.

"ಬರತೈತ್ರಿ. ಹನ್ನೊಂದು ನಿಮಿಷದ್ದಷ್ಟ ಐತಿ. ತೆಳ್ಳಗ ಇರತೈತಿ."

ಹೊನ್ನವ್ವ ಕೂಸನ್ನು ನೋಡುತ್ತಿದ್ದಳು. "ಬ್ಯಾಡ ಬಿಡ್ರಿ ಅಕ್ಕಾರ," ಎಂದಳು. "ಹೋದವರು ಹೋಗ್ಯಾರ. ಇದ್ದಾಂವ ಮಾತಾಡಲಿ." ಹೇಳುವಾಗ ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು, ಬೆರಳು ಮಾತ್ರ ಇನ್ನೂ ಇಲ್ಲದ ಹಿಟ್ಟನ್ನು ಕೆರೆಯುತ್ತಿತ್ತು.

ಹಾಲಪ್ಪ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅವನಿಗೆ ಬರೆಯಲು ಬಾರದು. ಮಾತಾಡಿದರೆ ಕಾಳು ಬೀಳುತ್ತದೆ. ಹದಿನಾಲ್ಕು ತಿಂಗಳು ಕೈಸನ್ನೆಯಲ್ಲಿ ಬದುಕಿದವನು ಈಗಲೂ ಕೈಯನ್ನೇ ನಂಬಿದ. ದೂರ ನಿಂತ ಕುರಿಗಳ ಕಡೆ ತೋರಿಸಿ, ಒಂದು ಕುರಿಯ ಕಿವಿ ಹಿಡಿದಂತೆ ಮಾಡಿ, ಹೆಂಡತಿಯ ಕಡೆ ತಿರುಗಿದ.

ಮಾಸ್ತರು, "ಏನಂತಾನವ್ವ?" ಎಂದು ಕೇಳಿದಾಗ ಮಾಳವ್ವ ಬೇಸರದಿಂದಲೇ ಹೇಳಿದಳು:

"ಮಂದಿ ಕುರಿ ತಪ್ಪಿ ನಮ್ಮ ಹಿಂಡಿನಾಗ ಬಂದು ಸೇರಿದರ, ಕಿವಿ ಗುರ್ತು ನೋಡಿ ಹೊಡಕೊಂಡು ಹೋಗಿ ಕೊಟ್ಟು ಬರತೀವಿ. ಅದನ್ನ ಅಂತಾನ. ಕೊಟ್ಟ ಮ್ಯಾಲ ನಮ್ಮ ಹಿಂಡು ಸಣ್ಣದಾತು ಅಂತ ಅಳತೀವೇನು ಅಂತಾನ." ಕೂಸನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡಳು. "ಬಾಯಿ ಇಲ್ಲದಾಗ ಭಾಳ ಶ್ಯಾಣ್ಯಾ ಆಗತಾನ ನೋಡ್ರಿ. ಬಾಯಿ ಬಂತಂದ್ರ ಬರೇ ಬೈಗಳಾ."

ಹಾಲಪ್ಪ ಕೊರಳ ಪಟ್ಟಿ ಬಿಚ್ಚಿ ಮಣಿಯನ್ನು ನೀಲಗಂಗಾಳ ಕೈಗೆ ಕೊಟ್ಟ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಅವರ ಹಿಂದೆಯೇ ಜೀಪು ಹತ್ತಿದ. ತನ್ನ ಕೊರಳಲ್ಲಿದ್ದದ್ದು ಏನಾಗುತ್ತದೆ ಎಂದು ನೋಡುವ ಆಸೆ ಅವನಿಗೂ ಇತ್ತು.

*

ನಿಯಂತ್ರಣ ಕೋಣೆಯಲ್ಲಿ ನೀಲಗಂಗಾ ಮಣಿಯ ಚೀಲವನ್ನು ತೆರೆದಾಗ ಮಧ್ಯಾಹ್ನ ಮೂರು ಗಂಟೆ. ಕೆಲಸ ಹೇಳುವುದಕ್ಕೆ ಸುಲಭ: ಮಣಿಯಲ್ಲಿರುವ ಹಳೆಯ ಕಾಳನ್ನು ಉಗ್ರಾಣದ ಹಳೆಯ ಜಾಗಕ್ಕೆ ಒಂದೊಂದಾಗಿ ಇಡಬೇಕು, ಹಾಲಪ್ಪನ ಸ್ವಂತದ್ದನ್ನು ಆರಿಸಿ ಬೇರೆ ಖಾನೆಗೆ ಹಾಕಬೇಕು. ಹಗೇವಿನಲ್ಲಿ ಜೋಳ, ಗೋಧಿ ಕೂಡಿ ಬಿದ್ದರೆ ಮೊರದಲ್ಲಿ ಆರಿಸಿದಂತೆ. ಅದೇ ಜಾಲದಲ್ಲಿ ಮುನ್ನೂರು ಚಿಲ್ಲರೆ ಜನ ಆ ಕ್ಷಣವೂ ಮಾತಾಡುತ್ತಿದ್ದರು: ತರಕಾರಿ ಚೌಕಾಸಿ, ಮಗ್ಗಿ, ಬೈಗುಳ. ಅವರ ಹಾದಿ ಕಟ್ಟಬಾರದು. ಆಕೆ ಎರಡು ಹಾದಿಗಳಲ್ಲಿ ಒಂದನ್ನು ಅವರಿಗೆ ಬಿಟ್ಟು, ಇನ್ನೊಂದರಲ್ಲಿ ದ್ಯಾಮಣ್ಣನನ್ನು ತಂದಳು.

ನೂರಕ್ಕೆ ನಲವತ್ತು. ಅರವತ್ತು. ಎಂಬತ್ತೆಂಟರಲ್ಲಿ ಎಣಿಕೆ ನಿಂತಿತು, ಮತ್ತೆ ಹೊರಟಿತು. ಹೊನ್ನವ್ವ ಹೊಸ್ತಿಲ ಹೊರಗೆ ಗೋಡೆಗೊರಗಿ ಕೂತಿದ್ದಳು. ಹೊರಗಿನ ಬೆಂಚಿನ ಮೇಲೆ ಹಾಲಪ್ಪ. ಅವನ ಮುಂದೆ ಹಾಯುವ ನರ್ಸುಗಳು "ಊಟ ಆತೇನ್ ಅಜ್ಜಾ?" ಎಂದು ಕೇಳಿದರೆ, ಅವನು ತಲೆ ಆಡಿಸುತ್ತಿದ್ದ. ಹೊನ್ನವ್ವ ಅದನ್ನು ನೋಡುತ್ತಿದ್ದಳು. ಒಂದು ಸಲ ಅವನು ಏನೋ ಹೇಳಲು ಬಾಯಿ ತೆರೆದ. ಬರೀ ಉಸಿರು ಹೊರಟಿತು. ಕೊರಳು ಮುಟ್ಟಿ ನೋಡಿಕೊಂಡು, ಯಾರಾದರೂ ಕಂಡರೋ ಎಂದು ಅತ್ತಿತ್ತ ನೋಡಿದ.

ಐದೂವರೆಗೆ ನೀಲಗಂಗಾ ಕುರ್ಚಿಗೆ ಒರಗಿದಳು. "ತೊಂಬತ್ತೇಳು ಸೇರೇತಿ. ಮೂರು ಬಿದ್ದು ಹೋಗ್ಯಾವು, ಬಸ್ಸಿನಾಗೋ ಗುಡ್ಡದ ಮ್ಯಾಲೋ. ಯಾವ ಕಾಳು ಹೋದವು ಅನ್ನೂದು ಲೆಕ್ಕದಿಂದ ಗೊತ್ತಾಗಂಗಿಲ್ಲ. ಧ್ವನಿ ಅವರದ ಹೌದೋ ಅಲ್ಲೋ ಅನ್ನೂದನ್ನ ಕೇಳಿದವರ ಹೇಳಬೇಕು. ಇನ್ನ ವರ್ಷದ ದಿನಾನ ನೋಡೂಣು."

"ಇವತ್ತ ಕೇಳತೀನಿ," ಎಂದಳು ಹೊನ್ನವ್ವ.

ಮಾಸ್ತರು ಗಾಬರಿಯಾದರು. "ಇಪ್ಪತ್ಮೂರು ದಿನ ಐತಿ ಹೊನ್ನವ್ವಾ. ತಿಥಿ ಅಲ್ಲ, ವಾರ ಅಲ್ಲ. ಕೇಳೂದು ಒಂದ ಸಲ. ಇವತ್ತ ಕೇಳಿದರ ಆ ದಿನಕ್ಕ ಏನೂ ಉಳಿಯಂಗಿಲ್ಲ. ಇಡೀ ವರ್ಷ ಕಾಯ್ದು..."

"ಅವರು ಬಸ್ಸು ಕೂಗಿದವರ್ರಿ ಮಾಸ್ತರ. ಒಂದ ಬಸ್ಸು ಮುಂಚಿ ಬಿಟ್ಟರ ಅವರಿಗೇನೂ ಅನಸಂಗಿಲ್ಲ." ಅವಳು ಬೆಂಚಿನ ಕಡೆ ನೋಡಲಿಲ್ಲ. "ಕುಂತಾಂವ ಉಸರಾಡಿದ್ದು ನನಗ ಕೇಳಸ್ತೈತಿ. ಇಪ್ಪತ್ಮೂರು ದಿನ ಅದನ್ನ ಕೇಳಕೊಂತ ನಾ ಯಾವ ಕೈಲೆ ದೀಪಾ ಹಚ್ಚಲಿ?"

ಮಾಸ್ತರು ಹೋಗಿ ದೇವರ ಮಾಡದಿಂದ ಹಣತೆ ತಂದು ಹಚ್ಚಿದರು. ಕೆಂಪು ವಹಿ ತೆರೆದರು. ಹೊನ್ನವ್ವ ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದ್ದನ್ನು ಅವರು ಬರೆದುಕೊಂಡು ನೀಲಗಂಗಾಳಿಗೆ ಕೊಟ್ಟರು. ನೀಲಗಂಗಾ ಓದಿ, ಅದನ್ನು ಉಗ್ರಾಣಕ್ಕೆ ಕೊಟ್ಟು, ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಹೊನ್ನೀ, ಎಲ್ಲಾರಿಗೂ ನೀಡಿದಿ, ನೀ ಉಂಡಿ?"

'ಹೊ' ಎನ್ನುವಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ದಮ್ಮು ಹತ್ತಿದವರು ಮೆಟ್ಟಿಲು ಏರಿ ಬಂದು ಕರೆದಂತೆ ಇತ್ತು.

"ಆತ್ರಿ," ಎಂದಳು ಹೊನ್ನವ್ವ. ಬೆಳಗಿನಿಂದ ಅವಳು ಒಂದು ತುತ್ತೂ ಮುಟ್ಟಿರಲಿಲ್ಲ. ಆಮೇಲೆ ನೀಲಗಂಗಾಳ ಕಡೆ ತಿರುಗಿ, "ಅವರ ಧ್ವನಿನ ಐತಿ. ಹೌದು ಅಂತ ಬರಕೋರಿ," ಎಂದಳು.

ನೀಲಗಂಗಾ ಅಳಿಸಿದಳು. ಮಾಸ್ತರು ಆ ಹೆಸರಿನ ಕೆಳಗೆ ಗೆರೆ ಎಳೆದರು. ಖಾನೆ ಈಗ ನಿಜವಾಗಿ ಖಾಲಿಯಾಯಿತು. ಆಕೆ ಮಣಿಯನ್ನು ತೊಳೆದು, ಹಾಲಪ್ಪನ ಹನ್ನೊಂದು ನಿಮಿಷವನ್ನು ಆ ಖಾನೆಯಲ್ಲಿ ಜೋಪಾನವಾಗಿ ಇಟ್ಟು, ಕಾವಲಿನ ಪಟ್ಟಿಯನ್ನು ಹೊಸದಾಗಿ ಬರೆದಳು. ಈ ಸಲ ಎರಡೂ ವಹಿಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡೇ ಬರೆದಳು. ಮಾಸ್ತರು ಬೇಡ ಎನ್ನಲಿಲ್ಲ.

ಮಣಿ ಸಿದ್ಧವಾದಾಗ ಹೊನ್ನವ್ವ ಕೈ ಚಾಚಿದಳು. ನೀಲಗಂಗಾ ಅದನ್ನು ಅವಳಿಗೆ ಕೊಟ್ಟಳು. ಹೊನ್ನವ್ವ ಹೊರಗೆ ಬಂದಳು. ಹಾಲಪ್ಪ ಬೆಂಚಿನಿಂದ ಏಳಲು ಹೋದ. ಅವಳು ಬೇಡವೆಂದು ಸನ್ನೆ ಮಾಡಿ ಮಗ್ಗುಲಲ್ಲಿ ಕೂತಳು. ಸೆರಗಿನ ತುದಿಯಿಂದ ಮಣಿಯನ್ನು ಒಮ್ಮೆ ಒರೆಸಿ, ಅವನ ಒಡೆದ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಮೇಲೆ ಮಡಚಿದಳು.